ಪುಣೆಯಂಚಿನ ಒಂದು ವಸತಿಗೃಹ: ಹಗಲಿನ ಆರೈಕೆ ಚೊಕ್ಕ, ರಾತ್ರಿಯದು ಸಾಲದು

ಬೌದ್ಧಿಕ ವೈಕಲ್ಯವಿರುವ ವಯಸ್ಕರಿಗಾಗಿ ಪುಣೆಯ ದಕ್ಷಿಣದಂಚಿನಲ್ಲಿ ನಡೆಯುತ್ತಿರುವ ವಸತಿಗೃಹವೊಂದರ ವಿಮರ್ಶೆ ಇದು. ನೆಲಮಹಡಿ, ಮೇಲೊಂದು ಮಹಡಿ, 34 ಮಂದಿ ನಿವಾಸಿಗಳು. ಅವರಲ್ಲಿ 9 ಮಂದಿಗೆ ಫಿಟ್ಸ್ ಇದೆ, 6 ಮಂದಿ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ ಒಂದು ವರ್ಣತಂತು ವ್ಯತ್ಯಾಸ) ಇರುವವರು. ಪಿಂಪ್ರಿ, ಭೋಸರಿ, ದಾಪೋಡಿ ಕಡೆಯ ಕನ್ನಡ ಮನೆಗಳಲ್ಲಿ ಈ ಜಾಗದ ವಿಚಾರಣೆ ಹೆಚ್ಚುತ್ತಿದೆ. ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಪುಣೆಯಲ್ಲಿ ದುಡಿದವರಿಗೆ ಈಗ ಎಪ್ಪತ್ತು ದಾಟಿದೆ. ಮಗನನ್ನೋ ಮಗಳನ್ನೋ ಎತ್ತಿ ಕೂರಿಸುವ ಕಸುವು ಉಳಿದಿಲ್ಲ. ಹೇಳಿ ಒಮ್ಮೆ, ಹೇಳದೆ ಎರಡು ಸಲ, ಅದರಲ್ಲಿ ಒಂದು ಸಲ ರಾತ್ರಿ ಹತ್ತರ ಹೊತ್ತಿಗೆ ನೋಡಿ ಬರೆದದ್ದು. ಗೃಹದ ಹೆಸರು ಹಾಕಿಲ್ಲ. ಕೊರತೆಗಳ ಪಟ್ಟಿ ಗೃಹದವರ ಕೈಯಲ್ಲಿದೆ, ಮೇಲಾಗಿ ಇವೇ ಕೊರತೆಗಳು ಬೇರೆ ಕಡೆಯೂ ಸಿಗುತ್ತವೆ.

ಮೊದಲು ಕಾಗದ. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ, 2016ರ 50ನೇ ಸೆಕ್ಷನ್ ಪ್ರಕಾರ ನೋಂದಣಿ ಪ್ರಮಾಣಪತ್ರವಿಲ್ಲದೆ ಇಂಥ ಸಂಸ್ಥೆ ನಡೆಸುವಂತಿಲ್ಲ. ಇಲ್ಲಿ ಪ್ರಮಾಣಪತ್ರ ಆಫೀಸಿನ ಗೋಡೆಯ ಮೇಲಿದೆ, ಅವಧಿಯೂ ಮುಗಿದಿಲ್ಲ. ಟ್ರಸ್ಟಿನ ನೋಂದಣಿ ಪತ್ರ ತೋರಿಸಿ "ನಮ್ಮದು ರಿಜಿಸ್ಟರ್ಡ್" ಎನ್ನುವವರು ಬಹಳ; ಅದು ಬೇರೆ, ಇದು ಬೇರೆ. ಅನುಮಾನ ಬಂದರೆ ಪುಣೆಯವರು ದೂರ ಹೋಗಬೇಕಿಲ್ಲ, ಮಹಾರಾಷ್ಟ್ರದ ದಿವ್ಯಾಂಗ ಕಲ್ಯಾಣ ಆಯುಕ್ತಾಲಯ ಇದೇ ಊರಿನಲ್ಲಿದೆ.

ಈ ಗೃಹದ ಅತ್ಯುತ್ತಮ ಭಾಗ ಅಡುಗೆಮನೆ. ಬೌದ್ಧಿಕ ವೈಕಲ್ಯವಿರುವವರಲ್ಲಿ ನುಂಗುವ ತೊಂದರೆ ಸಾಮಾನ್ಯ. ಕೆಲವರು ಅಗಿಯದೆ ನುಂಗುತ್ತಾರೆ, ಕೆಲವರು ಬಾಯಿತುಂಬ ತುಂಬಿಕೊಳ್ಳುತ್ತಾರೆ. ತುತ್ತು ಗಂಟಲಿಗೆ ಸಿಕ್ಕಿಕೊಳ್ಳುವುದು ಒಂದು ಅಪಾಯ. ಸ್ವಲ್ಪ ಸ್ವಲ್ಪವೇ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗುವುದು ಇನ್ನೊಂದು, ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಬಡಿಸುವ ಕಟ್ಟೆಯ ಮೇಲೆ ಒಬ್ಬೊಬ್ಬರಿಗೊಂದು ಕಾರ್ಡು, ಫೋಟೊ ಸಮೇತ. ಆಹಾರದ ಹದಕ್ಕೆ 0ಯಿಂದ 7ರವರೆಗಿನ ಅಂತರರಾಷ್ಟ್ರೀಯ ಮಟ್ಟಗಳನ್ನು, ಅಂದರೆ ಐಡಿಡಿಎಸ್ಐ ಅಳತೆಯನ್ನು ಬಳಸುತ್ತಾರೆ. 6ನೇ ಮಟ್ಟದವರಿಗೆ ಮೆತ್ತಗಿನ, ಒಂದೂವರೆ ಸೆಂಟಿಮೀಟರ್ ಮೀರದ ಚೂರು. 5ನೇ ಮಟ್ಟದವರಿಗೆ 4 ಮಿಲಿಮೀಟರ್, ಎಂದರೆ ಫೋರ್ಕಿನ ಎರಡು ಹಲ್ಲುಗಳ ನಡುವಿನ ಸಂದಿನಷ್ಟು. ಅಡುಗೆಯ ಮಾವಶಿ (ಆಯಾಗಳನ್ನು ಇಲ್ಲಿ ಹೀಗೆ ಕರೆಯುತ್ತಾರೆ) ಫೋರ್ಕಿನಿಂದ ಒತ್ತಿ ನೋಡಿಯೇ ತಟ್ಟೆ ಮುಂದೆ ಸರಿಸುತ್ತಿದ್ದರು. ಚಪಾತಿಯ ಗಟ್ಟಿ ಅಂಚು ತೆಗೆದು, ಬೇಳೆಯಲ್ಲಿ ಹತ್ತು ನಿಮಿಷ ನೆನೆಸಿ, ಆಮೇಲೆ ಕಿವುಚುತ್ತಾರೆ. ಊಟದ ಕುರ್ಚಿಗೆ ಬೆನ್ನಾಸರೆ ಇದೆ, ಪಾದ ನೆಲಕ್ಕೆ ತಾಗುತ್ತವೆ, ಊಟವಾದ ಅರ್ಧ ತಾಸು ಯಾರನ್ನೂ ಮಲಗಗೊಡುವುದಿಲ್ಲ.

ನಮ್ಮ ಕಡೆಯ ಊಟ ಕಳಿಸುವವರು ಇದನ್ನು ಗಮನಿಸಬೇಕು. ಮುದ್ದೆ ಮೆತ್ತಗಿದೆ ಎಂದುಕೊಳ್ಳುತ್ತೇವೆ, ಆದರೆ ಅದು ಅಂಟು, ಅಗಿಯದೆ ನುಂಗುವ ಪದಾರ್ಥ. ನುಂಗುವ ತೊಂದರೆ ಇರುವವರಿಗೆ ತಕ್ಕದ್ದಲ್ಲ. ತೆಳು ಸಾರಿನಲ್ಲಿ ತೇಲುವ ಅನ್ನವೂ ಕಷ್ಟವೇ: ನೀರು ಮುಂದೆ ಓಡುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ಚುರುಮುರಿ, ಶೇಂಗಾ ಉಂಡಿ, ಒಣ ಜೋಳದ ರೊಟ್ಟಿ ಬೇಡವೇ ಬೇಡ. ತಂದದ್ದನ್ನು ಗೇಟಿನಲ್ಲೇ ತೆಗೆದುಕೊಂಡು ಬರೆದಿಡುವ ಪದ್ಧತಿ ಇಲ್ಲಿದೆ. ಮನಸ್ಸಿಗೆ ನೋವಾದರೂ ಒಪ್ಪಿಕೊಳ್ಳಿ. ಹಬ್ಬದ ದಿನ, ಕಾರ್ಡು ಓದದ ಬದಲಿ ಸಿಬ್ಬಂದಿ ಇರುವಾಗಲೇ ಇಂಥ ಅನಾಹುತ ಆಗುವುದು. ಗಂಟಲಿಗೆ ಸಿಕ್ಕಿದರೆ ಏನು ಮಾಡುತ್ತೀರಿ ಎಂದು ಕೇಳಿದಾಗ ನಾಲ್ವರಲ್ಲಿ ಮೂವರು ಸರಿಯಾಗಿ ಮಾಡಿ ತೋರಿಸಿದರು: ಬಗ್ಗಿಸಿ ಬೆನ್ನಿನ ಮೇಲೆ 5 ಗುದ್ದು, ಹೋಗದಿದ್ದರೆ ಹೊಕ್ಕುಳಿಗಿಂತ ತುಸು ಮೇಲಕ್ಕೆ 5 ಒತ್ತು. ನಾಲ್ಕನೆಯವರು ನೀರು ಕುಡಿಸುತ್ತೇನೆ ಎಂದರು. ಅವರಿಗೆ ತರಬೇತಿ ಆಗುವತನಕ ಊಟದ ಹೊತ್ತಿನಲ್ಲಿ ಒಬ್ಬರನ್ನೇ ಬಿಡಬಾರದು.

ಔಷಧದ ಹಾಳೆಗಳು ಮುಕ್ಕಾಲು ಭಾಗ ಸರಿಯಾಗಿವೆ. ಮಾತ್ರೆ ಮೂಲ ಸ್ಟ್ರಿಪ್‌ನಲ್ಲೇ ಉಳಿದಿವೆ, ಕೊಟ್ಟವರು ಕೊಟ್ಟ ಕೂಡಲೇ ಸಹಿ ಹಾಕುತ್ತಾರೆ. ತಪ್ಪುತ್ತಿರುವುದು ಎರಡು ಕಡೆ. ಫಿಟ್ಸಿಗೆ ಕೊಡುವ ಕಾರ್ಬಮಜೆಪಿನ್‌ನ ನಿಧಾನ ಕರಗುವ ಮಾತ್ರೆಯನ್ನು ಪುಡಿಮಾಡಿ ಬಾಳೆಹಣ್ಣಿನಲ್ಲಿ ಕಲಸಿ ಕೊಡುತ್ತಿದ್ದರು. ಹಾಗೆ ಮಾಡಿದರೆ ಗಂಟೆಗಟ್ಟಲೆ ಹರಿದು ಬರಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಇಳಿದು ಮಂಪರು ಬರುತ್ತದೆ, ಮುಂದಿನ ಡೋಸಿಗೆ ಮೊದಲೇ ಅದರ ಬಲ ತೀರುತ್ತದೆ. ನುಂಗಲಾಗದವರಿಗೆ ಸಿರಪ್ ಬರೆಸಿಕೊಳ್ಳಬೇಕು. "ಪುಡಿ ಮಾಡಬಹುದೇ" ಎಂಬ ಒಂದು ಕಾಲಂ ಹಾಳೆಯಲ್ಲಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ.

ಎರಡನೆಯದು ಇನ್ನೂ ಗಂಭೀರ. ಮೂವರ ಹಾಳೆಯಲ್ಲಿ ರಿಸ್ಪೆರಿಡೋನ್ ಇದೆ, ವರ್ತನೆಯನ್ನು ಹತೋಟಿಗೆ ತರಲು ಕೊಡುವ ಮನೋಔಷಧ. ಯಾಕೆ ಶುರುವಾಯಿತು, ಯಾವಾಗ ಮರುಪರಿಶೀಲನೆ ಎಂಬುದು ಎಲ್ಲೂ ಇಲ್ಲ. ಕೂಗುವುದು, ಕೈ ಕಚ್ಚಿಕೊಳ್ಳುವುದು, ತಲೆ ಬಡಿದುಕೊಳ್ಳುವುದು ಹೊಸದಾಗಿ ಕಂಡರೆ ಮೊದಲು ಹಲ್ಲು, ಕಿವಿ, ಹೊಟ್ಟೆ ನೋಡಬೇಕು. ಮಾತಿಲ್ಲದವರ ನೋವು ಹೀಗೆಯೇ ಹೊರಬರುವುದು. ಇಂಗ್ಲೆಂಡಿನಲ್ಲಿ ಅತಿಯಾದ ಮನೋಔಷಧ ನಿಲ್ಲಿಸಲೆಂದೇ 2016ರಲ್ಲಿ ಸ್ಟಾಂಪ್ ಎಂಬ ಅಭಿಯಾನ ಶುರುವಾಯಿತು. ನಮ್ಮಲ್ಲಿ ಕುಟುಂಬದವರೇ ಆರು ತಿಂಗಳಿಗೊಮ್ಮೆ ಮನೋವೈದ್ಯರನ್ನು ಕೇಳಬೇಕು: ಇದು ಯಾಕೆ, ಎಷ್ಟು ದಿನ?

ಹೊಟ್ಟೆಯ ಮಾತು ಬಂತು. ಸಂಡಾಸದ ಲೆಕ್ಕ ಬರೆಯುವ ಪುಸ್ತಕ ಇಲ್ಲಿದೆ, ಆದರೆ "ಆಯಿತು" ಎಂಬ ಒಂದೇ ಪದವಿದೆ. ಗಟ್ಟಿಯೋ ನೀರೋ, ಎಷ್ಟು, ಯಾವ ಹೊತ್ತು, ಏನೂ ಇಲ್ಲ. ಒಬ್ಬರ ಸಾಲಿನಲ್ಲಿ ಐದು ದಿನ ಖಾಲಿ. ಮಲಬದ್ಧತೆ ಇವರಲ್ಲಿ ಜೀವ ತೆಗೆಯಬಲ್ಲ ಕಾಯಿಲೆ; ಇಂಗ್ಲೆಂಡಿನಲ್ಲಿ ಬೌದ್ಧಿಕ ವೈಕಲ್ಯವಿದ್ದವರ ಸಾವುಗಳನ್ನು ಪರಿಶೀಲಿಸುವ ಕೆಲಸದಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಂಡಿದೆ. ಓಡಾಟ ಕಡಿಮೆ, ಮನೋಔಷಧಗಳು ಕರುಳನ್ನು ನಿಧಾನಿಸುತ್ತವೆ, ಜೊತೆಗೆ ಹಾಸಿಗೆ ಒದ್ದೆಯಾಗದಿರಲಿ ಎಂದು ಸಂಜೆ ಆರರ ಮೇಲೆ ನೀರು ಕೊಡುವುದಿಲ್ಲ. ಈ ಕೊನೆಯ ಅಭ್ಯಾಸವನ್ನು ಇಂದೇ ಬಿಡಬೇಕು. ಮೂರು ದಿನ ಆಗದಿದ್ದರೆ ಡಾಕ್ಟರಿಗೆ ಫೋನು, ಹೊಟ್ಟೆ ಉಬ್ಬಿ ವಾಂತಿಯಾದರೆ ನೇರ ಆಸ್ಪತ್ರೆ ಎಂಬ ನಿಯಮ ಗೋಡೆಯ ಮೇಲೆ ಬರಬೇಕು.

ಡೌನ್ ಸಿಂಡ್ರೋಮ್ ಇರುವ ಆರೂ ಮಂದಿಗೆ ಈ ವರ್ಷದ ಥೈರಾಯ್ಡ್ ಪರೀಕ್ಷೆ ಆಗಿದೆ; ಅವರಲ್ಲಿ ಥೈರಾಯ್ಡ್ ತೊಂದರೆ ಹೆಚ್ಚು. ಸಂತೋಷ.

ಬಚ್ಚಲಿನಲ್ಲಿ ಒಂದು ಅಪಾಯವಿದೆ: ಸೋಲಾರ್ ನೀರು. ಗೀಸರಿಗೆ ಥರ್ಮೋಸ್ಟ್ಯಾಟ್ ಇರುತ್ತದೆ, ಸೋಲಾರ್ ಟ್ಯಾಂಕಿಗೆ ಬಿಸಿಲೇ ಅಳತೆ. ಬೇಸಿಗೆಯ ಸಂಜೆ ನಲ್ಲಿ ತಿರುಗಿಸಿದರೆ 60 ಡಿಗ್ರಿ ಮೀರಿದ ನೀರು ಬರಬಹುದು; 60 ಡಿಗ್ರಿಯ ನೀರು ಸುಮಾರು 5 ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ. ಇಲ್ಲಿ ಮಾವಶಿಯರು ಕೈಯಿಂದ ನೋಡಿ ಬೆರೆಸುತ್ತಾರೆ. ದಿನವಿಡೀ ಬಿಸಿ ಪಾತ್ರೆ ಮುಟ್ಟಿದ ಕೈಗೆ ಅದು ಬಿಸಿ ಎನಿಸುವುದಿಲ್ಲ. ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೊನೆಗೆ ಥರ್ಮಾಮೀಟರ್. 40 ಡಿಗ್ರಿ ಆಸುಪಾಸು ಸಾಕು. ಚಿಲಕಗಳು ಹೊರಗಿನಿಂದಲೂ ತೆರೆಯುವಂಥವು, ಅದು ಸರಿ.

ಇನ್ನು ರಾತ್ರಿ. 34 ಮಂದಿಗೆ, ಎರಡು ಮಹಡಿಗೆ, ಇಬ್ಬರು ಸಿಬ್ಬಂದಿ, ಇಬ್ಬರೂ ಕೆಳಗೆ. ಮೇಲಿನ ಗ್ರಿಲ್‌ಗೆ ಬೀಗ, ಕೀಲಿ ಗೇಟಿನ ವಾಚ್‌ಮನ್ ಬಳಿ. ಬೆಂಕಿ ನಂದಿಸುವ ಸಿಲಿಂಡರುಗಳ ತಪಾಸಣೆ ದಿನಾಂಕ ಸರಿಯಿದೆ, ಆದರೆ ಎಲ್ಲರನ್ನೂ ಹೊರತರುವ ಅಭ್ಯಾಸ ನಡೆದದ್ದು ಬೆಳಿಗ್ಗೆ ಹನ್ನೊಂದಕ್ಕೆ, 14 ಸಿಬ್ಬಂದಿ ಇರುವಾಗ. ರಾತ್ರಿಯ ಮದ್ದು ಕುಡಿದು ಮಲಗಿದವರನ್ನು ಇಬ್ಬರೇ ಎಬ್ಬಿಸಿ ಇಳಿಸಲು ಎಷ್ಟು ಹೊತ್ತು ಬೇಕು ಎಂಬುದಕ್ಕೆ ಯಾರ ಬಳಿಯೂ ಉತ್ತರವಿಲ್ಲ. ಫಿಟ್ಸ್ ಬಂದವರನ್ನು ಪಕ್ಕಕ್ಕೆ ಹೊರಳಿಸಿ, ಬಾಯಿಗೆ ಏನೂ ಹಾಕದೆ, ಗಡಿಯಾರ ನೋಡಬೇಕು. 5 ನಿಮಿಷ ದಾಟಿದರೆ ಡಾಕ್ಟರು ಬರೆದುಕೊಟ್ಟ ಅಳತೆಯಲ್ಲಿ ಮೂಗಿಗೆ ಮಿಡಜೋಲಾಮ್ ಸ್ಪ್ರೇ. ಸ್ಪ್ರೇ ಇದೆ, ಕೆಳಗಿನ ಆಫೀಸಿನ ಕಪಾಟಿನಲ್ಲಿ. ಆಫೀಸಿನ ಕೀಲಿ ರಾತ್ರಿ ಮ್ಯಾನೇಜರ್ ಜೊತೆ ಮನೆಗೆ ಹೋಗುತ್ತದೆ.

ರಾತ್ರಿ ರಿಜಿಸ್ಟರಿನ ಒಂದು ಪುಟವನ್ನು ಇಲ್ಲಿ ಹೇಳಲೇಬೇಕು. 10, 12, 2, 4 ಗಂಟೆಯ ನಾಲ್ಕು ಸಾಲು, ಒಂದೇ ನೀಲಿ ಪೆನ್ನು, ಒಂದೇ ಓರೆ ಅಕ್ಷರ: ಸರ್ವ ಝೋಪಲೇ ಆಹೇತ್, ಎಲ್ಲರೂ ಮಲಗಿದ್ದಾರೆ. ನಾವು ಆ ಪುಟ ನೋಡಿದಾಗ ಗಂಟೆ ಹತ್ತೂವರೆ. ಬರೆದ ಹೆಣ್ಣುಮಗಳು ಸೋಮಾರಿಯಲ್ಲ. ಹಗಲು ಹನ್ನೆರಡು ತಾಸು ದುಡಿದು ರಾತ್ರಿಗೂ ನಿಂತವರು. ತಪ್ಪು ಡ್ಯೂಟಿ ಪಟ್ಟಿಯದು. ಮಹಡಿಗೊಬ್ಬರು ಎಚ್ಚರವಿರುವ ಸಿಬ್ಬಂದಿ ಬೇಕು, ಹಗಲು ದುಡಿದವರು ಅದೇ ರಾತ್ರಿ ಬೇಡ. ಇದಕ್ಕೆ ತಿಂಗಳ ಶುಲ್ಕ ಏರಿದರೆ ಕುಟುಂಬಗಳು ಕೊಡಬೇಕು.

ಭಾಷೆಯ ವಿಷಯ ನಮ್ಮವರಿಗೆ ಮುಖ್ಯ. ಸಿಬ್ಬಂದಿ ಮರಾಠಿ, ಹಿಂದಿ ಆಡುತ್ತಾರೆ. ಮನೆಯಲ್ಲಿ ಹತ್ತಿಪ್ಪತ್ತು ಕನ್ನಡ ಪದಗಳಲ್ಲಿ ಬದುಕಿದ ಒಬ್ಬರು ಇಲ್ಲಿದ್ದಾರೆ. ಅವರು "ಬ್ಯಾಡ" ಎಂದಾಗ ಮಾವಶಿ ನಕ್ಕು ಇನ್ನೊಂದು ತುತ್ತು ಇಟ್ಟರು. ಅದು ಹೆಸರೋ ಹಾಡೋ ಎಂದುಕೊಂಡಿದ್ದರಂತೆ. ಬೇಡ ಎಂಬುದೇ ತಿಳಿಯದ ಕಡೆ ಊಟ, ಸ್ನಾನ, ಮೈಮುಟ್ಟುವುದು ಎಲ್ಲವೂ ಬಲವಂತವಾಗುತ್ತದೆ. ಸೇರಿಸುವ ದಿನ ಒಂದು ಹಾಳೆ ಕೊಡಿ: ಬ್ಯಾಡ, ಬ್ಯಾನಿ, ಹೊಟ್ಟಿ ನೂಸ್ತದ, ನೀರಡಿಕೆ, ಉರಿ, ಅಂಜಿಕೆ. ಎದುರಿಗೆ ದೇವನಾಗರಿಯಲ್ಲಿ ಉಚ್ಚಾರ ಮತ್ತು ಮರಾಠಿ ಅರ್ಥ. ಮಾತಿಲ್ಲದಿದ್ದರೆ ನೋವಾದಾಗ ಮುಖ, ಕೈ ಏನು ಮಾಡುತ್ತವೆ ಎಂಬುದು. ಒಂದು ಪ್ರತಿ ಹಾಸಿಗೆಯ ಬಳಿ, ಒಂದು ಆಸ್ಪತ್ರೆಗೆ ಒಯ್ಯುವ ಫೈಲಿನಲ್ಲಿ.

ಸೇರ್ಪಡೆಯ ಫಾರಂನಲ್ಲಿ "ಅಗತ್ಯವೆನಿಸಿದ ಯಾವುದೇ ಶಸ್ತ್ರಚಿಕಿತ್ಸೆಗೆ ಒಪ್ಪಿಗೆ" ಎಂಬ ಸಾಲಿದೆ. ಅದನ್ನು ಹೊಡೆದುಹಾಕಿಯೇ ಸಹಿ ಮಾಡಿ. ಪುಣೆ ಜಿಲ್ಲೆಯ ಶಿರೂರಿನ ಸರ್ಕಾರಿ ಗೃಹದ ಹೆಣ್ಣುಮಕ್ಕಳ ಗರ್ಭಕೋಶವನ್ನು ಮುಟ್ಟಿನ ನೈರ್ಮಲ್ಯದ ನೆಪದಲ್ಲಿ 1994ರಲ್ಲಿ ತೆಗೆಸಿದ್ದು ಇದೇ ಪುಣೆಯಲ್ಲಿ. ಈಗ 2016ರ ಅಧಿನಿಯಮದ 10ನೇ ಸೆಕ್ಷನ್ ಪ್ರಕಾರ, ವ್ಯಕ್ತಿಯೇ ತಿಳಿದು ಸ್ವತಂತ್ರವಾಗಿ ಒಪ್ಪದೆ ಸಂತಾನಶಕ್ತಿ ಹೋಗುವಂಥ ಚಿಕಿತ್ಸೆ ಮಾಡುವಂತಿಲ್ಲ. ದೌರ್ಜನ್ಯದ ಅನುಮಾನವಿದ್ದರೆ 7ನೇ ಸೆಕ್ಷನ್ ಅಡಿ ಯಾರು ಬೇಕಾದರೂ ಎಕ್ಸಿಕ್ಯೂಟಿವ್ ಮ್ಯಾಜಿಸ್ಟ್ರೇಟರಿಗೆ ತಿಳಿಸಬಹುದು. ಇಲ್ಲಿ ಹೆಣ್ಣುಮಕ್ಕಳ ಸ್ನಾನ, ಬಟ್ಟೆ ಬದಲಿಸುವುದು ಹೆಂಗಸರದೇ ಕೆಲಸ, ಹೇಳದೆ ಬಂದವರನ್ನು ತಡೆಯುವುದಿಲ್ಲ, ಅದು ಮೆಚ್ಚತಕ್ಕದ್ದು. ಮೈಮೇಲಿನ ಗಾಯಗಳನ್ನು ಚಿತ್ರದಲ್ಲಿ ಗುರುತಿಸುವ ಹಾಳೆ ಮಾತ್ರ ಇಲ್ಲ. ಕಾನೂನಿನ ಪೋಷಕತ್ವವನ್ನು (ಗಾರ್ಡಿಯನ್‌ಶಿಪ್) ಗೃಹದ ಮುಖ್ಯಸ್ಥರ ಹೆಸರಿಗೆ ಬರೆದುಕೊಡಬೇಡಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ಅಧಿನಿಯಮ, 1999ರಡಿ ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಬಂಧುಗಳೊಬ್ಬರನ್ನು ನೇಮಿಸಿಕೊಳ್ಳಿ. ಅದೇ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಅದನ್ನೂ ಮಾಡಿಸಿ.

ಫಿಟ್ಸ್ ಇಲ್ಲದ, ನಡೆದಾಡಬಲ್ಲ, ಮರಾಠಿ ಅಥವಾ ಹಿಂದಿ ತಿಳಿಯುವವರಿಗೆ ಈ ಗೃಹ ಈಗಲೇ ಸರಿ. ಮೊದಲು ಎರಡು ವಾರ ಇಟ್ಟು ನೋಡಿ. ಫಿಟ್ಸ್ ಇರುವವರನ್ನು, ಮೇಲಿನ ಮಹಡಿಯಲ್ಲಿ ಹಾಸಿಗೆ ಸಿಗುವವರನ್ನು ರಾತ್ರಿ ಪಾಳಿ ಸರಿಹೋಗುವತನಕ ಸೇರಿಸಬೇಡಿ. ಸರಿಹೋಯಿತೇ ಎಂದು ತಿಳಿಯಲು ರಾತ್ರಿ ಹನ್ನೊಂದಕ್ಕೆ ಹೋಗಿ ಎರಡೇ ಕೇಳಿ: ಸ್ಪ್ರೇ ತಂದು ತೋರಿಸಿ, ಮೇಲಿನ ಗ್ರಿಲ್ ತೆಗೆದು ತೋರಿಸಿ. ಎರಡನ್ನೂ ಗಡಿಯಾರ ಹಿಡಿದು ನೋಡಿ.