ಶ್ರೀರಂಗಪಟ್ಟಣದ ಕಡೆ ಗಾಲ್ಫ್ ಕಲಿಸಲು ಮಕ್ಕಳನ್ನು ಕರೆದುಕೊಂಡು ಹೋಗುವವರು ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ದಯವಿಟ್ಟು ಪೂರ್ತಿ ಓದಿ. ಮೂರು ದಿನ ಆಯ್ತು, ಸಿಟ್ಟು ಇನ್ನೂ ಇಳಿದಿಲ್ಲ. ಬರೆದದ್ದು ಹಿಂದೆ ಮುಂದೆ ಆಗಿದ್ದರೆ ಕ್ಷಮಿಸಿ.

ಹೋದ ಭಾನುವಾರ ಬೆಳಗ್ಗೆ ನನ್ನ ಮಗನ ಕೈಗೂ ಒಂದು ಕೊಳಕು ಮಂಡಲದ ಹಾವಿಗೂ ನಡುವೆ ಇದ್ದದ್ದು ಎರಡು ಅಡಿ. ಅವನಿಗೆ 13 ವರ್ಷ. ಆ ಹುಲ್ಲಿನೊಳಗೆ ಚೆಂಡು ಹುಡುಕು ಅಂತ ಅವನನ್ನು ಕಳಿಸಿದ್ದು ನಾನೇ. ಇದನ್ನು ಬರೆಯಲು ನನಗೆ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತಿದ್ದೇನೆ.

ಶ್ರೀರಂಗಪಟ್ಟಣದಿಂದ ಒಳಗೆ ಹೋದರೆ ನಾಲೆ ಪಕ್ಕ, ಕಬ್ಬಿನ ಗದ್ದೆಗಳ ನಡುವೆ ಒಂದು ಚಿಕ್ಕ ಗಾಲ್ಫ್ ಮೈದಾನ ಇದೆ. ಒಂಬತ್ತು ಹೋಲ್‌ನದ್ದು, ಅಂದರೆ ಚೆಂಡು ಬೀಳಿಸುವ ಕುಳಿ ಒಂಬತ್ತು. ಹೆಸರು ಹಾಕುವುದಿಲ್ಲ, ಯಾಕೆ ಅಂತ ಕೊನೆಗೆ ಗೊತ್ತಾಗುತ್ತದೆ. ನಾಲ್ಕು ಭಾನುವಾರದ ತರಬೇತಿ, ಅಪ್ಪ ಮಗ ಇಬ್ಬರಿಗೂ ಸೇರಿ 14,000 ರೂಪಾಯಿ, ಪೂರ್ತಿ ಮುಂಚೆಯೇ ಕಟ್ಟಬೇಕು. ಕಟ್ಟಿದೆ.

ಕೇಳದೆ ಕಟ್ಟಲಿಲ್ಲ. ನಾವು ಮೈಸೂರಿನವರು. 2022ರ ನವೆಂಬರ್‌ನಲ್ಲಿ ಚಿರತೆ ಕಾಣಿಸಿತು ಅಂತ ಬೃಂದಾವನಕ್ಕೆ ಜನರನ್ನು ಬಿಡುವುದನ್ನೇ ನಿಲ್ಲಿಸಿದ್ದರು, 2024ರ ಡಿಸೆಂಬರ್ 31ರಂದು ನಮ್ಮ ಮೈಸೂರಿನ ಹೆಬ್ಬಾಳದ ಐಟಿ ಕ್ಯಾಂಪಸ್ ಒಳಗೇ ಚಿರತೆ ಓಡಾಡಿತ್ತು. ಎಲ್ಲರಿಗೂ ನೆನಪಿದೆ ಅಲ್ವಾ? ಹಾಗಾಗಿ ಮೊದಲು ಚಿರತೆ ಬಗ್ಗೆ ಕೇಳಿದೆ. 'ಸುತ್ತ ಬೇಲಿ ಇದೆ ಸರ್, ಕ್ಯಾಮೆರಾ ಇದೆ, ಆ ಮಾತೇ ಇಲ್ಲ' ಅಂದರು. ಹಾವು ಅಂದೆ. 'ಇದುವರೆಗೆ ಒಂದೂ ಕಂಡಿಲ್ಲ ಸರ್. ಅಕಸ್ಮಾತ್ ಬಂದರೂ ಆಂಟಿವೆನಮ್ ನಮ್ಮಲ್ಲೇ ಇದೆ' ಅಂದರು. ಆಂಟಿವೆನಮ್ ಅಂದರೆ ಹಾವಿನ ವಿಷಕ್ಕೆ ಕೊಡುವ ಔಷಧ. ಈ ಕೊನೆಯ ಮಾತಿಗೇ ನಾನು ಬಿದ್ದದ್ದು. ಇಷ್ಟೆಲ್ಲ ತಯಾರಿ ಮಾಡಿಕೊಂಡಿದ್ದಾರಲ್ಲ ಅಂತ ಮನೆಗೆ ಬಂದು ಹೆಂಡತಿಗೂ ಹೊಗಳಿ ಹೇಳಿದ್ದೆ.

ಎರಡನೇ ಭಾನುವಾರ. ಬೆಳಗ್ಗೆ ಎಂಟೂವರೆ, ಚಳಿ ಇತ್ತು, ಆಗಷ್ಟೇ ಬಿಸಿಲು ಬೀಳುತ್ತಿತ್ತು. ಬೇಲಿಯ ಆಚೆ ಗದ್ದೆಯಲ್ಲಿ ಕಬ್ಬು ಕಡಿದು ತರಗು ಮಾತ್ರ ಬಿದ್ದಿತ್ತು. ಆಗ ಅದು ಕಣ್ಣಿಗೆ ಬಿದ್ದರೂ ತಲೆಗೆ ಹೋಗಲಿಲ್ಲ. ನಾಲ್ಕನೇ ಹೋಲ್‌ನಲ್ಲಿ ಮಗ ಹೊಡೆದ ಚೆಂಡು ಫೇರ್‌ವೇ ಅನ್ನುವ ಹುಲ್ಲು ಕತ್ತರಿಸಿದ ದಾರಿ ಬಿಟ್ಟು ಪಕ್ಕದ ಎತ್ತರದ ಹುಲ್ಲಿಗೆ ಹೋಯಿತು. ತರಬೇತಿ ಕೊಡುವವರು ಗಡಿಯಾರ ನೋಡಿಕೊಂಡು, 'ಬೇಗ ಹುಡುಕಿ, ಮೂರು ನಿಮಿಷದಲ್ಲಿ ಸಿಗದಿದ್ದರೆ ಚೆಂಡು ಕಳೆದ ಲೆಕ್ಕ, ಒಂದು ಹೊಡೆತ ದಂಡ' ಅಂದರು. ನಾನೂ 'ಓಡು ಓಡು' ಅಂದೆ. ಅವನು ಓಡಿದ. ಚೆಂಡು ಕಂಡಿತು ಅಂತ ಬಗ್ಗಿದ.

ಕುಕ್ಕರ್ ಸೀಟಿ ಹೊಡೆಯುವ ಮೊದಲು ಆವಿ ಬಿಡುತ್ತದಲ್ಲ, ಅಂಥ ಶಬ್ದ. ಆದರೆ ನಿಲ್ಲುವುದೇ ಇಲ್ಲ. ಬುಸ್ಸ್ ಅಂತ ಒಂದೇ ಸಮ. ನಮ್ಮ ಕ್ಯಾಡಿ, ಅಂದರೆ ಗಾಲ್ಫ್ ಕೋಲಿನ ಚೀಲ ಹೊರುವವನು, ಪಕ್ಕದ ಊರಿನ ಹುಡುಗ, ಕಾಲಲ್ಲಿ ಹವಾಯಿ ಚಪ್ಪಲಿ. ಅವನೊಬ್ಬನಿಗೇ ಅದೇನು ಅಂತ ಗೊತ್ತಾದದ್ದು. 'ಅಲ್ಲಾಡ್ಬ್ಯಾಡ ಮಗಾ, ಕೈ ಮೆತ್ತಗೆ ಯಿಂದಕ್ಕೆ ತಕ್ಕೊ' ಅಂದ. ಮಗ ಹಾಗೇ ಮಾಡಿದ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟ. ನಾನು ಸುಮ್ನೆ ನಿಂತಿದ್ದೆ. ಬಾಯಿ ತೆಗೆಯಲೂ ಆಗಲಿಲ್ಲ.

ಹಾವು ಸುರುಳಿ ಸುತ್ತಿಕೊಂಡು ಅಲ್ಲೇ ಇತ್ತು. ದಪ್ಪ ಮೈ, ಮೈಮೇಲೆ ಸರಪಳಿ ಹಾಗೆ ಸಾಲಾಗಿ ಕಂದು ಮಚ್ಚೆ, ಮಚ್ಚೆಯ ಅಂಚಿಗೆ ಕಪ್ಪು. ಚೆಂಡು ಅದರ ಪಕ್ಕದಲ್ಲೇ ಬಿದ್ದಿತ್ತು. ದೂರ ಬಂದ ಮೇಲೆ ಫೋನಲ್ಲಿ ವಿಡಿಯೋ ತೆಗೆದೆ, ಆ ಬುಸುಗುಡುವ ಶಬ್ದವೂ ಅದರಲ್ಲಿದೆ.

ಆಮೇಲೆ ಆ ಹುಡುಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದ: 'ಕಬ್ ಕಡ್ದಾಗಿಂದ ಇದು ಮೂರ್ನೇದು ಸಾ. ಬಂದೋರ್ಗೆ ಯೇಳ್ಬ್ಯಾಡಿ ಅಂದವ್ರೆ.'

ಮೂರನೆಯದು. ಹೇಳಬೇಡಿ ಅಂದಿದ್ದಾರೆ. ಹಾವು ಕಂಡಾಗ ಆದದ್ದು ಭಯ, ಇದನ್ನು ಕೇಳಿದಾಗ ಆದದ್ದೇ ಬೇರೆ. ನಾನು ಹಾವಿನ ಬಗ್ಗೆ ಕೇಳಿದ್ದು ಇದೇ ಜನರನ್ನು. ಒಂದೂ ಕಂಡಿಲ್ಲ ಅಂತ ನನ್ನ ಮುಖ ನೋಡಿ ಹೇಳಿದ್ದರು. ಗೊತ್ತಿದ್ದೂ ಮೂರು ನಿಮಿಷ ಅಂತ ನನ್ನ ಮಗನನ್ನು ಅದೇ ಹುಲ್ಲಿಗೆ ಓಡಿಸಿದರು.

ಸೀದಾ ಆಫೀಸಿಗೆ ಹೋದೆ. ಮ್ಯಾನೇಜರ್ ವಿಡಿಯೋ ನೋಡಿದರು, ಶಬ್ದ ಕಡಿಮೆ ಮಾಡಿ ಇನ್ನೊಮ್ಮೆ ನೋಡಿದರು. 'ಹೆಬ್ಬಾವಿನ ಮರಿ ಸರ್ ಇದು. ವಿಷ ಇಲ್ಲ.'

ಹೆಬ್ಬಾವಿಗೂ ಕೊಳಕು ಮಂಡಲಕ್ಕೂ ಜನ ತಪ್ಪು ತಿಳಿಯುವುದು ನಿಜ, ಹಾಗೆ ಮುಟ್ಟಲು ಹೋಗಿ ಕಚ್ಚಿಸಿಕೊಂಡವರೂ ಇದ್ದಾರೆ. ಆದರೆ ಹೆಬ್ಬಾವಿನ ಮೈಮೇಲಿನ ಮಚ್ಚೆ ಅಂಕುಡೊಂಕು, ಹೀಗೆ ಸರಪಳಿ ಕಟ್ಟಿರುವುದಿಲ್ಲ. ದಿನಾ ಆ ಗದ್ದೆಗಳ ನಡುವೆ ಕೆಲಸ ಮಾಡುವವರಿಗೆ ಇದು ಗೊತ್ತಿಲ್ಲವಾ? ನಾನು ಅದನ್ನೇ ಹೇಳಿದೆ. ಆಗ ಮಾತು ಬದಲಾಯಿತು. 'ನೇಚರ್ ಮಧ್ಯೆ ಆಡುವಾಗ ಇದೆಲ್ಲ ಇರುತ್ತದೆ ಸರ್.' ಆಂಟಿವೆನಮ್ ಎಲ್ಲಿದೆ ತೋರಿಸಿ ಅಂದೆ. ಡಬ್ಬ ತೆಗೆದರು. ಹತ್ತಿ, ಬ್ಯಾಂಡೇಜ್, ಅಯೋಡಿನ್, ನೋವಿಗೆ ಹೊಡೆಯುವ ಸ್ಪ್ರೇ. ಅಷ್ಟೇ. 'ತರಿಸುತ್ತಿದ್ದೇವೆ' ಅಂದರು. ಆಮೇಲೆ ನಮ್ಮ ಬೀದಿಯ ಡಾಕ್ಟರ್ ಹತ್ತಿರ ಕೇಳಿದೆ. ಅವರು ಹೇಳಿದ್ದು ಇಷ್ಟು: ತರಿಸಿ ಇಟ್ಟರೂ ಅದನ್ನು ಕಂಡವರು ಚುಚ್ಚುವ ಹಾಗಿಲ್ಲ, ಕೆಲವರಿಗೆ ಅದರಿಂದಲೇ ಜೋರಾಗಿ ಅಲರ್ಜಿ ಆಗುತ್ತದೆ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿ ಡಾಕ್ಟರ್ ಕಣ್ಣೆದುರೇ ಕೊಡಬೇಕು. ಈ ಹಾವಿನ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದೇ ನಿಂತುಹೋಗುತ್ತದೆ, ಕಿಡ್ನಿ ಹೋಗಬಹುದು. ಅಂದರೆ 'ಆಂಟಿವೆನಮ್ ನಮ್ಮಲ್ಲೇ ಇದೆ' ಅನ್ನುವುದು ಮೊದಲಿನಿಂದಲೂ ಹಸಿ ಸುಳ್ಳು.

ನನಗೆ ಜಾಸ್ತಿ ಚುಚ್ಚಿದ ಮಾತು ಇದಲ್ಲ. ದುಡ್ಡು ವಾಪಸ್ ಕೊಡಿ ಅಂದಾಗ ಮ್ಯಾನೇಜರ್ ಹೇಳಿದರು: 'ಕಚ್ಚಿಲ್ವಲ್ಲ ಸರ್?'

ಮಗ ಪಕ್ಕದಲ್ಲೇ ಕೂತಿದ್ದ. ಕೈ ಎರಡೂ ತೊಡೆ ಕೆಳಗೆ ಇಟ್ಟುಕೊಂಡಿದ್ದ. ಅವನ ಎದುರಿಗೇ ಕೇಳಿದರು, ಕಚ್ಚಿಲ್ವಲ್ಲ ಅಂತ.

ಮನೆಗೆ ಬಂದ ಮೇಲೆ ವಾಟ್ಸಾಪ್‌ನಲ್ಲಿ ಬರೆದೆ. ಒಂದು ದಿನ ಬಿಟ್ಟು ಉತ್ತರ ಬಂತು: ನೀವು ಸಹಿ ಹಾಕಿದ ಫಾರ್ಮ್‌ನಲ್ಲಿ ಪ್ರಾಣಿಗಳಿಂದ ಆಗುವ ತೊಂದರೆಗೆ ನಾವು ಹೊಣೆಯಲ್ಲ ಅಂತ ಇದೆ, ಮಗು ಹುಲ್ಲಿಗೆ ಕೈ ಹಾಕದಂತೆ ನೋಡಿಕೊಳ್ಳುವುದು ಪೋಷಕರ ಜವಾಬ್ದಾರಿ, ಆದರೂ ಒಂದು ಭಾನುವಾರ ಉಚಿತವಾಗಿ ಕೊಡುತ್ತೇವೆ. ಉಚಿತವಾಗಿ! ಸಹಿ ಹಾಕಿದ್ದು ನಿಜ, ಓದದೆ ಹಾಕಿದ್ದೂ ನಿಜ. ಆದರೆ ಮೂರು ಹಾವು ಬಂದದ್ದನ್ನು ಮುಚ್ಚಿಡುತ್ತೇವೆ ಅಂತ ಆ ಫಾರ್ಮ್‌ನಲ್ಲಿ ಎಲ್ಲಿ ಬರೆದಿದೆ?

ಇನ್ನೊಂದು ವಿಷಯ, ಇದನ್ನು ರಾತ್ರಿ ಕೂತು ಹುಡುಕಿ ಓದಿದೆ. ಗಾಲ್ಫ್ ನಿಯಮಗಳಲ್ಲೇ 16.2 ಅಂತ ಒಂದಿದೆ. ವಿಷದ ಹಾವು, ಜೇನು, ಕರಡಿ ಇಂಥವುಗಳಿಂದ ಅಪಾಯ ಇರುವ ಕಡೆ ಚೆಂಡು ಬಿದ್ದರೆ ಯಾವ ದಂಡವೂ ಇಲ್ಲದೆ ಅಪಾಯ ಇಲ್ಲದ ಕಡೆಯಿಂದ ಆಡಬಹುದು. ಮೂರು ನಿಮಿಷದ ನಿಯಮ ಬಾಯಿಪಾಠ ಇದ್ದವರಿಗೆ ಇದು ಗೊತ್ತಿರಲಿಲ್ಲವಾ? ಹುಲ್ಲಲ್ಲಿ ಹಾವಿದೆ ಅಂತ ಒಂದು ಮಾತು ಮೊದಲೇ ಹೇಳಿದ್ದರೆ ಆ ಚೆಂಡಿಗೆ ನಾವು ಕೈ ತೊಳೆದುಕೊಂಡು ಸುಮ್ಮನಾಗುತ್ತಿದ್ದೆವು.

ಹಾವಿನ ಮೇಲೆ ನನಗೆ ಸಿಟ್ಟಿಲ್ಲ. ಕಬ್ಬಿನಲ್ಲಿ ಇಲಿ ಇದ್ದವು, ಅದೂ ಇತ್ತು. ಕಬ್ಬು ಕಡಿದರು, ಪಕ್ಕದಲ್ಲಿ ಎತ್ತರದ ಹುಲ್ಲು ಸಿಕ್ಕಿತು, ಬಂತು. ಬಿಸಿಲು ಕಾಯಿಸಿಕೊಳ್ಳುತ್ತಿತ್ತು. ಬರಬೇಡಿ ಅಂತ ಮೊದಲೇ ಬುಸುಗುಟ್ಟಿ ಹೇಳಿತು. ಆ ಜನ ಅಷ್ಟೂ ಮಾಡಲಿಲ್ಲ.

ಹೋಗಲೇಬೇಕು ಅನ್ನುವವರು ಕಬ್ಬು ಕಡಿಯುವ ತಿಂಗಳಲ್ಲಿ ಹೋಗಬೇಡಿ. ಆಫೀಸಿನವರನ್ನು ಕೇಳಬೇಡಿ, ಕ್ಯಾಡಿ ಹುಡುಗರನ್ನು ಕೇಳಿ, ಪಕ್ಕದ ಗದ್ದೆಯವರನ್ನು ಕೇಳಿ. ಎತ್ತರದ ಹುಲ್ಲಿಗೆ ಹೋದ ಚೆಂಡು ಹೋಯಿತು ಅಂದುಕೊಳ್ಳಿ. ಹಾವು ಕಂಡರೆ ಹೊಡೆಯಲು ಹೋಗಬೇಡಿ, ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಹೇಳಿ. ಕಚ್ಚಿದರೆ ಕಟ್ಟು ಕಟ್ಟುವುದು, ಕುಯ್ಯುವುದು, ಬಾಯಲ್ಲಿ ಹೀರುವುದು ಏನೂ ಬೇಡ, ಕಚ್ಚಿದ ಕೈಯೋ ಕಾಲೋ ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ. ಮತ್ತೆ ನಾಲ್ಕು ವಾರದ ದುಡ್ಡು ಒಟ್ಟಿಗೆ ಕೇಳುವವರಿಗೆ ಒಂದು ವಾರದ್ದು ಮಾತ್ರ ಕೊಡಿ. ನಾನು ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ, ನೋಡಬೇಕು.

ಹೆಸರು ಹಾಕದಿರುವುದು ಆ ಹುಡುಗನಿಗೋಸ್ಕರ. ಸೋಮವಾರ ಅವನೇ ಫೋನ್ ಮಾಡಿದ್ದ. 'ನಾನ್ ಯೇಳ್ದೆ ಅನ್ಬ್ಯಾಡಿ ಸಾ, ಕೆಲ್ಸ ಓಯ್ತದೆ' ಅಂದ. ಕಳೆದುಹೋದ ಚೆಂಡುಗಳನ್ನು ಸಂಜೆ ಆರಿಸಿ ತರುವ ಕೆಲಸವೂ ಅವನದ್ದೇ ಅಂತೆ, ಅದೇ ಹುಲ್ಲಿನಲ್ಲಿ, ಅದೇ ಚಪ್ಪಲಿಯಲ್ಲಿ. ನಿನ್ನೆ ಒಂದು ಜೊತೆ ಗಮ್ ಬೂಟು ತೆಗೆದುಕೊಂಡು ಹೋಗಿದ್ದೆ. ಗೇಟಿನಲ್ಲಿ ನನ್ನನ್ನು ಒಳಗೆ ಬಿಡಲಿಲ್ಲ. ರಸ್ತೆಯ ಆಚೆ ಟೀ ಅಂಗಡಿಯಲ್ಲಿ ಅವನಿಗೆ ಕೊಡಿ ಅಂತ ಇಟ್ಟು ಬಂದಿದ್ದೇನೆ.