‘ಶಿವರಾತ್ರಿ ಕಳೀಲಿ’ ಎನ್ನುವ ನರ್ಸರಿ

ಚಿಕ್ಕಮಗಳೂರಿನಿಂದ ಕಡೂರಿಗೆ ಹೋಗುವ ರಸ್ತೆಯಲ್ಲಿ, ಊರಿನ ಮನೆಗಳು ಮುಗಿದು ತೆಂಗಿನ ತೋಟಗಳು ಶುರುವಾಗುವ ಕಡೆ, ‘ಎಲ್ಲಾ ತರಹದ ಸಸಿಗಳು ದೊರೆಯುತ್ತವೆ’ ಎಂದಷ್ಟೇ ಬರೆದ ಒಂದು ತಗಡಿನ ಹಲಗೆ ಇದೆ. ಗಂಡ ಹೆಂಡತಿ ಇಬ್ಬರೇ ನಿಂತು ನಡೆಸುವ ಈ ನರ್ಸರಿಗೆ ನಾನು ನಾಲ್ಕು ವರ್ಷಗಳಿಂದ ಹೋಗುತ್ತಿದ್ದೇನೆ. ಮಳೆಗಾಲದಲ್ಲಿ ಎಲ್ಲ ನರ್ಸರಿಗಳೂ ಒಳ್ಳೆಯವಾಗಿಯೇ ಕಾಣುತ್ತವೆ, ಏಕೆಂದರೆ ಆಗ ಕಡ್ಡಿ ಊರಿದರೂ ಚಿಗುರುತ್ತದೆ. ಗಿಡ ಮಾರುವವರ ಗುಣ ತಿಳಿಯಬೇಕಾದರೆ ಮಾಗಿಯ ಚಳಿಯಲ್ಲಿ ಹೋಗಬೇಕು. ಈ ಸಲ ನವೆಂಬರಿನಿಂದ ಜನವರಿಯ ಕೊನೆಯವರೆಗೆ ಹೆಚ್ಚುಕಡಿಮೆ ಪ್ರತಿ ಭಾನುವಾರ ಅಲ್ಲಿಗೆ ಹೋಗಿ ಬಂದಿರುವುದರಿಂದ, ಅದರ ಬಗ್ಗೆ ಬರೆಯುವಷ್ಟು ಅನುಭವ ನನಗಾಗಿದೆ ಎಂದುಕೊಂಡಿದ್ದೇನೆ.

ನಮ್ಮೂರು ಸಮುದ್ರ ಮಟ್ಟಕ್ಕಿಂತ ಸಾವಿರ ಮೀಟರಿಗೂ ಮೇಲಿದೆ. ಡಿಸೆಂಬರ್, ಜನವರಿಗಳಲ್ಲಿ ರಾತ್ರಿಯ ಉಷ್ಣತೆ 13–14 ಡಿಗ್ರಿಗೆ ಇಳಿಯುವುದು ಮಾಮೂಲು. ಬೆಳಗ್ಗೆ ಮಂಜು ಮುಸುಕಿ ಮುಳ್ಳಯ್ಯನಗಿರಿ ಇರುವ ದಿಕ್ಕೇ ಕಾಣುವುದಿಲ್ಲ, ಹೆಂಚಿನ ಅಂಚಿನಿಂದ ಇಬ್ಬನಿ ಮಳೆಯ ಹಾಗೆ ತೊಟ್ಟಿಕ್ಕುತ್ತಿರುತ್ತದೆ. ಹನ್ನೊಂದರ ಹೊತ್ತಿಗೆ ಅದೇ ಅಂಗಳದಲ್ಲಿ ಬಿಸಿಲು ಚುರುಗುಟ್ಟುತ್ತದೆ. ಈ ಚಳಿ ಗಿಡಗಳನ್ನು ಕೊಲ್ಲುವಂಥದ್ದಲ್ಲ, ಮಂಕಾಗಿಸುವಂಥದ್ದು. ಬೇರು ನಿಧಾನವಾಗುತ್ತದೆ, ಮಣ್ಣು ಬೇಗ ಒಣಗುವುದಿಲ್ಲ, ಎಲೆಯ ಮೇಲೆ ಬೂದಿ ರೋಗ ಕೂರುತ್ತದೆ. ಆದರೆ ಗಿಡ ಮಾರುವವರಿಗೆ ಇದೇ ಸುಗ್ಗಿ. ಸೇವಂತಿಗೆ, ಡೇಲಿಯಾ, ಪೆಟೂನಿಯಾ, ಸಾಲ್ವಿಯಾ, ಡಯಾಂಥಸ್ ಎಲ್ಲವೂ ಒಟ್ಟಿಗೆ ಹೂಬಿಟ್ಟು ನಿಂತಿರುವಾಗ ಕೊಳ್ಳಲು ಬಂದವರು ಏನನ್ನೂ ಕೇಳುವುದಿಲ್ಲ, ಬಣ್ಣ ನೋಡಿ ಕೈ ತೋರಿಸುತ್ತಾರೆ. ಅಂಥ ಹೊತ್ತಿನಲ್ಲಿ ‘ಈಗ ಬೇಡ’ ಎಂದು ಹೇಳಬಲ್ಲ ಅಂಗಡಿಯನ್ನು ನಾನು ನೋಡಿದ್ದು ಇದೊಂದನ್ನೇ.

ಡಿಸೆಂಬರಿನ ಮೊದಲ ವಾರ ಎರಡು ದುಂಡುಮಲ್ಲಿಗೆ ಸಸಿ ಬೇಕೆಂದು ಹೋಗಿದ್ದೆ. ಸಸಿಗಳು ಎದುರಿಗೇ ಇದ್ದವು, ನೋಡಲು ಚೆನ್ನಾಗಿಯೂ ಇದ್ದವು. ಅಂಗಡಿಯ ಅಕ್ಕ ಅವನ್ನು ಎತ್ತಿಕೊಡಲಿಲ್ಲ. “ಈಗ ಬೇಡ ಅಕ್ಕ. ಈ ಚಳೀಲಿ ನೆಟ್ರೆ ಬೇರು ಬಿಡಲ್ಲ, ಸುಮ್ನೆ ಕೂತಿರುತ್ತೆ. ಚಿಗುರ್ಲಿಲ್ಲ ಅಂತ ನೀವು ದಿನಾ ನೀರು ಹಾಕ್ತೀರ, ಬೇರು ಕೊಳೆತು ಹೋಗುತ್ತೆ. ಶಿವರಾತ್ರಿ ಕಳೀಲಿ, ನಾನೇ ತೆಗೆದಿಟ್ಟಿರ್ತೀನಿ” ಎಂದರು. ಹಣ ಕೊಡಲು ಹೋದರೆ ಅದನ್ನೂ ತೆಗೆದುಕೊಳ್ಳಲಿಲ್ಲ. ಬೇರೊಂದು ಕಡೆ ಇದೇ ಚಳಿಯಲ್ಲಿ, ಹೋದ ವರ್ಷ, ನಾಲ್ಕು ಮಲ್ಲಿಗೆ ಸಸಿ ತಂದು ನಾಲ್ಕನ್ನೂ ಕಳೆದುಕೊಂಡಿದ್ದ ನನಗೆ ಆ ಮಾತಿನ ಬೆಲೆ ಚೆನ್ನಾಗಿ ಗೊತ್ತಿತ್ತು.

ಇಲ್ಲಿ ಸಸಿ ತೋರಿಸುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಗುಲಾಬಿ ಕೇಳಿದರೆ ಅಂಗಡಿಯ ಅಣ್ಣ ಮೊದಲು ಹೂವನ್ನು ತೋರಿಸುವುದಿಲ್ಲ. ಕಪ್ಪು ಚೀಲವನ್ನು ಎಡಗೈಯಲ್ಲಿ ಹಿಡಿದು, ಬುಡದ ಮಣ್ಣನ್ನು ಹೆಬ್ಬೆರಳಿನಿಂದ ಸರಿಸಿ, ಕಸಿ ಕಟ್ಟಿದ ಗಂಟನ್ನು ತೋರಿಸುತ್ತಾರೆ. ಗಂಟಿನ ಮೇಲಿನಿಂದ ಎಷ್ಟು ಕೊಂಬೆ ಬಂದಿದೆ, ಕೆಳಗಿನಿಂದ ಏನಾದರೂ ಚಿಗುರಿದೆಯೇ ಎಂದು ನಮ್ಮ ಕೈಯಿಂದಲೇ ಎಣಿಸುತ್ತಾರೆ. ಗಂಟಿನ ಕೆಳಗಿನಿಂದ ಬರುವುದು ಕಾಡು ಗುಲಾಬಿಯ ಚಿಗುರು. ಅದನ್ನು ಕಿತ್ತು ಹಾಕದಿದ್ದರೆ ಒಂದೆರಡು ವರ್ಷದಲ್ಲಿ ನಾವು ಕೊಂಡ ಗುಲಾಬಿ ಸೊರಗಿ, ಕಾಡು ಗಿಡವೇ ಕುಂಡವನ್ನು ಆಳುತ್ತದೆ. ಆಮೇಲೆ ಚೀಲವನ್ನು ಓರೆ ಮಾಡಿ, ತಳದ ತೂತಿನಲ್ಲಿ ಇಣುಕುವ ಬೇರನ್ನು ತೋರಿಸುತ್ತಾರೆ. ಬೇರು ಬೆಳ್ಳಗಿದ್ದರೆ ಕೊಡುತ್ತಾರೆ, ಕಂದು ತಿರುಗಿ ಮೆತ್ತಗಿದ್ದರೆ ಗಿಡವನ್ನು ಹಿಂದಿನ ಸಾಲಿಗೆ ಇಟ್ಟುಬಿಡುತ್ತಾರೆ. ಈ ಸಲ ನಾನು ಆರಿಸಿದ ಮೂರರಲ್ಲಿ ಒಂದು ಹಾಗೆ ಹಿಂದಿನ ಸಾಲಿಗೆ ಹೋಯಿತು, ಅದರಲ್ಲಿ ಐದು ಮೊಗ್ಗಿದ್ದರೂ.

ನರ್ಸರಿಯ ಒಳಗೆ, ಹಲಸಿನ ಮರದ ಕೆಳಗೆ, ಇಟ್ಟಿಗೆಯ ಮೇಲೆ ಹಲಗೆ ಹಾಕಿ ಮಾಡಿದ ಎರಡು ಬೆಂಚುಗಳಿವೆ. ಚಳಿಗಾಲದ ಭಾನುವಾರಗಳಲ್ಲಿ ಒಂಬತ್ತರಿಂದ ಹತ್ತೂವರೆಯವರೆಗೆ ಆ ಬೆಂಚು ತುಂಬಿರುತ್ತದೆ. ಸ್ವೆಟರು, ಮಫ್ಲರು, ಒಬ್ಬ ಅಜ್ಜಿಯಂತೂ ಕಂಬಳಿಯನ್ನೇ ಹೊದ್ದು ಬರುತ್ತಾರೆ. ಅಂಗಡಿಯವರು ಫ್ಲಾಸ್ಕಿನಿಂದ ಸಣ್ಣ ಸ್ಟೀಲ್ ಲೋಟಗಳಿಗೆ ಕಾಫಿ ಬಗ್ಗಿಸಿ ಕೊಡುತ್ತಾರೆ. ಗಿಡ ಕೊಂಡಿರಬೇಕೆಂಬ ನಿಯಮವಿಲ್ಲ. ನನ್ನ ಮಟ್ಟಿಗೆ ಈ ಅಂಗಡಿಯ ಸೇವೆಯಲ್ಲಿ ಅರ್ಧ ಪಾಲು ಆ ಬೆಂಚೇ ಆಗಿದೆ, ಏಕೆಂದರೆ ಅಲ್ಲಿ ಕಲಿತದ್ದನ್ನು ನಾನು ಬೇರೆಲ್ಲೂ ಕಲಿಯುತ್ತಿರಲಿಲ್ಲ.

ನವೆಂಬರಿನ ಒಂದು ಭಾನುವಾರ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬರು ತಮ್ಮ ಪಾಯಿನ್ಸೆಟಿಯಾ ಗಿಡದ ಮಾತೆತ್ತಿದರು. ಪಕ್ಕದ ಮನೆಯ ಗಿಡದ ತುದಿ ಕೆಂಪಾಗುತ್ತಿದೆ, ಅದರಿಂದಲೇ ಕಡ್ಡಿ ತಂದು ಬೆಳೆಸಿದ ತಮ್ಮ ಗಿಡ ಮಾತ್ರ ಹಸಿರಾಗಿಯೇ ಇದೆ, ಗೊಬ್ಬರ ಹಾಕಿ ಸಾಕಾಯಿತು ಎಂದು ಹೇಳಿಕೊಂಡರು. ಅಕ್ಕ ಗೊಬ್ಬರದ ವಿಚಾರಕ್ಕೇ ಹೋಗಲಿಲ್ಲ. “ಅದರ ಹತ್ರ ಲೈಟ್ ಏನಾದ್ರೂ ಇದೆಯಾ?” ಎಂದರು. ಗೇಟಿನ ಎದುರಿಗೇ ಬೀದಿದೀಪವಿತ್ತು. ಆ ಗಿಡದ ಕೆಂಪು ಹೂವಲ್ಲ, ಬಣ್ಣ ತಿರುಗಿದ ಎಲೆ. ರಾತ್ರಿ ಉದ್ದವಾಗಿ, ನಡುವೆ ಬೆಳಕು ಬೀಳದೆ ಕತ್ತಲು ಸಿಕ್ಕಿದರೆ ಮಾತ್ರ ಅದು ಕೆಂಪಾಗುತ್ತದೆ. ನಮ್ಮ ಊರಿನಲ್ಲಿ ಡಿಸೆಂಬರಿನ ಹಗಲು ಸುಮಾರು 11 ಗಂಟೆ 20 ನಿಮಿಷಕ್ಕೆ ಇಳಿಯುವುದರಿಂದ ಸುಮ್ಮನೆ ಬಿಟ್ಟರೂ ಗಿಡಕ್ಕೆ ಸಾಕಾಗುವಷ್ಟು ಕತ್ತಲು ಸಿಗುತ್ತದೆ, ಆದರೆ ದೀಪವೊಂದು ಆ ಲೆಕ್ಕವನ್ನು ಕೆಡಿಸಿಬಿಡುತ್ತದೆ. ಸಂಜೆ ಐದೂವರೆಗೆ ರಟ್ಟಿನ ಡಬ್ಬ ಕವುಚಿ, ಬೆಳಗ್ಗೆ ಎಂಟಕ್ಕೆ ತೆಗೆಯಲು ಹೇಳಿದರು. ಸಂಕ್ರಾಂತಿಯ ಮುಂಚಿನ ಭಾನುವಾರ ಅವರು ಎಳ್ಳುಬೆಲ್ಲದ ಜೊತೆಗೆ ಫೋನಿನಲ್ಲಿ ಕೆಂಪು ಗಿಡದ ಚಿತ್ರವನ್ನೂ ತಂದು ಬೆಂಚಿನಲ್ಲಿದ್ದ ಎಲ್ಲರಿಗೂ ತೋರಿಸಿದರು. ಸೇವಂತಿಗೆಯೂ ಹೀಗೆಯೇ ಉದ್ದ ರಾತ್ರಿಯನ್ನು ನೋಡಿ ಮೊಗ್ಗು ಕಟ್ಟುವ ಗಿಡ ಎಂಬುದು ನನಗೆ ತಿಳಿದದ್ದು ಅವತ್ತೇ.

ಇನ್ನೊಂದು ವಾರ ಹಿರೇಮಗಳೂರಿನ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಗುಲಾಬಿಯ ಎಲೆಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಬಂದರು. ಎಳೆಯ ಎಲೆ ಮುದುಡಿ, ಮೇಲೆ ಗೋಧಿ ಹಿಟ್ಟು ಚಿಮುಕಿಸಿದಂತಿತ್ತು. “ನೀರು ಎಲೆ ಮೇಲೆ ಬೀಳದ ಹಾಗೆ ಹಾಕ್ತಾನೇ ಇದ್ದೀನಲ್ಲಪ್ಪ, ಆದ್ರೂ ಬಂತಲ್ಲ” ಎಂಬುದು ಅವರ ಸಂಕಟ. ಅಣ್ಣ ಎಲೆಯನ್ನು ಬೆಳಕಿಗೆ ಹಿಡಿದು ನೋಡಿ, “ಇದು ಬೂದಿ ರೋಗ ಮೇಷ್ಟ್ರೇ, ಇದಕ್ಕೆ ಎಲೆ ನೆನೀಬೇಕು ಅಂತಿಲ್ಲ” ಎಂದು ಶುರುಮಾಡಿದರು. ಕಪ್ಪು ಚುಕ್ಕೆ ರೋಗ ಹರಡಲು ಎಲೆ ಗಂಟೆಗಟ್ಟಲೆ ಒದ್ದೆಯಾಗಿರಬೇಕು. ಬೂದಿ ರೋಗಕ್ಕೆ ತಂಪಾದ ತೇವದ ರಾತ್ರಿ ಮತ್ತು ಒಣ ಹಗಲು ಸಾಕು, ಅಂದರೆ ನಮ್ಮ ಊರಿನ ಜನವರಿ. ಮುದುಡಿದ ತುದಿಗಳನ್ನು ಕತ್ತರಿಸಿ ಸುಡಬೇಕು, ಕುಂಡಗಳ ನಡುವೆ ಗಾಳಿಯಾಡುವಂತೆ ಜಾಗ ಬಿಡಬೇಕು, ನೀರಿನಲ್ಲಿ ಕರಗುವ ಗಂಧಕದ ಪುಡಿಯನ್ನು ಲೀಟರಿಗೆ 2 ಗ್ರಾಂನಂತೆ ಕಲಸಿ ಬಿಸಿಲೇರುವ ಮುಂಚೆ ಸಿಂಪಡಿಸಬೇಕು ಎಂದು ಹೇಳಿ, ಕೊನೆಗೆ ಒಂದು ಪ್ರಶ್ನೆ ಕೇಳಿದರು: ಬೇವಿನೆಣ್ಣೆ ಏನಾದರೂ ಹೊಡೆದಿದ್ದೀರಾ? ಮೇಷ್ಟ್ರು ಮೂರು ದಿನದ ಹಿಂದೆಯಷ್ಟೇ ಹೊಡೆದಿದ್ದರು. ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಹೊಡೆದರೆ ಎಲೆ ಸುಟ್ಟುಹೋಗುತ್ತದೆಂದು ಅಣ್ಣ ಗಂಧಕದ ಪೊಟ್ಟಣವನ್ನು ಮೇಷ್ಟ್ರ ಕೈಗೆ ಕೊಡದೆ ಕಪಾಟಿಗೆ ವಾಪಸು ಇಟ್ಟರು. ಔಷಧಿ ಮಾರುವವರು ಈ ಒಂದು ಪ್ರಶ್ನೆ ಕೇಳುವುದನ್ನು ನಾನು ಬೇರೆ ಯಾವ ಅಂಗಡಿಯಲ್ಲೂ ಕಂಡಿಲ್ಲ.

ಮಾತು ಹೂವಿನಿಂದ ಕಾಫಿಗೆ ಹೊರಳಲು ಇಲ್ಲಿ ಹೊತ್ತು ಬೇಕಾಗುವುದಿಲ್ಲ. ಅರೇಬಿಕಾ ಕೊಯ್ಲು ನಡೆಯುವ ತಿಂಗಳುಗಳಾದ್ದರಿಂದ ಬೆಂಚಿನಲ್ಲಿ ಕೂತವರಲ್ಲಿ ಒಬ್ಬರಾದರೂ ಕಣದಲ್ಲಿ ಕಾಫಿ ಹರವಿ ಬಂದವರಿರುತ್ತಾರೆ. ಮೋಡ ಕವಿದರೆ ಅವರು ಲೋಟ ಅರ್ಧಕ್ಕೇ ಬಿಟ್ಟು ಎದ್ದುಹೋಗುತ್ತಾರೆ. ಕಾಫಿ ಗಿಡ, ಮೆಣಸಿನ ಬಳ್ಳಿ ಕೇಳಿಕೊಂಡು ಬಂದ ಬೆಳೆಗಾರರಿಗೆ ಅಣ್ಣ ತಮ್ಮಲ್ಲಿರುವುದನ್ನು ಅಂಟಿಸುವುದಿಲ್ಲ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ ಬೀಜ ವಿಚಾರಿಸಿ, ಮೆಣಸಿಗೆ ಮೂಡಿಗೆರೆಯ ತೋಟಗಾರಿಕೆ ಕಾಲೇಜಿನಲ್ಲಿ ಕೇಳಿ ನೋಡಿ ಎಂದು ಕಳಿಸುತ್ತಾರೆ.

ಬೆಲೆ ಊರಿನ ಉಳಿದ ಕಡೆಗಿಂತ ಕಡಿಮೆಯೇನೂ ಅಲ್ಲ. ಕಸಿ ಗುಲಾಬಿಗೆ 120 ರೂಪಾಯಿ, ಸೇವಂತಿಗೆಗೆ 40, ಪೆಟೂನಿಯಾ ಸಸಿಗೆ 20 ಕೊಟ್ಟಿದ್ದೇನೆ. ಹೂಕೋಸು, ನವಿಲುಕೋಸಿನ ಸಸಿಗಳನ್ನು ಡಜನ್ ಲೆಕ್ಕದಲ್ಲಿ ಕೊಡುತ್ತಾರೆ. ಚೌಕಾಸಿ ನಡೆಯುವುದಿಲ್ಲ.

ಕೊರತೆಗಳನ್ನೂ ಹೇಳಲೇಬೇಕು. ಮೊದಲನೆಯದು ಗೊಬ್ಬರದ್ದು. ಇವರು ಮಾರುವ ಕಾಫಿ ಸಿಪ್ಪೆಯ ಗೊಬ್ಬರವನ್ನು ನವೆಂಬರಿನಲ್ಲಿ ಎರಡು ಚೀಲ ತಂದೆ. ಒಂದು ಚೀಲ ಕಪ್ಪಗೆ, ಹುಡಿಹುಡಿಯಾಗಿ, ಮಳೆ ಬಿದ್ದ ನೆಲದ ವಾಸನೆ ಬರುವಂತಿತ್ತು. ಇನ್ನೊಂದರ ನಡುವೆ ಕೈಯಿಟ್ಟರೆ ಬೆಚ್ಚಗಿತ್ತು, ಸಿಪ್ಪೆಯ ಚೂರು ಬಿಡಿಬಿಡಿಯಾಗಿ ಕಾಣುತ್ತಿದ್ದವು. ಅಂದರೆ ಇನ್ನೂ ಕೊಳೆಯುತ್ತಲೇ ಇತ್ತು. ನೋಡದೆ ಡಯಾಂಥಸ್ ಕುಂಡಗಳಿಗೆ ಹಾಕಿದ್ದರಿಂದ ಆರು ಸಸಿ ವಾರದೊಳಗೆ ಬಾಡಿದವು. ಹೇಳಿದ ಕೂಡಲೇ ಚೀಲವನ್ನೂ ಸಸಿಗಳನ್ನೂ ಬದಲಿಸಿ ಕೊಟ್ಟರು, ಬೇಸರ ಮಾಡಿಕೊಳ್ಳಲಿಲ್ಲ; ಆದರೂ ಗಿಡದ ಬೇರನ್ನು ಅಷ್ಟು ಪರೀಕ್ಷೆ ಮಾಡಿ ಕೊಡುವವರು ಗೊಬ್ಬರದ ಚೀಲವನ್ನೂ ಬಿಚ್ಚಿ ನೋಡಿ ಕೊಡಬೇಕಿತ್ತು ಎಂಬ ನನ್ನ ಮಾತು ಹಾಗೆಯೇ ಇದೆ. ಕೊಳ್ಳುವವರು ಚೀಲದೊಳಗೆ ಮೊಣಕೈವರೆಗೆ ಕೈಯಿಳಿಸಿ ನೋಡಿಯೇ ತರಬೇಕು.

ಎರಡನೆಯದು, ಗಿಡಗಳಿಗೆ ಹೆಸರಿನ ಚೀಟಿ ಇರುವುದಿಲ್ಲ. ಹೂ ಬಿಟ್ಟಿದ್ದರೆ ಸರಿ. ಡೇಲಿಯಾ ಗೆಡ್ಡೆ ತಂದವರಿಗೆ ಬಣ್ಣ ಗೊತ್ತಾಗುವುದು ಮೂರು ತಿಂಗಳ ಮೇಲೆ. ಇನ್ನು ಕಾಫಿ ಕೊಯ್ಲಿನ ದಿನಗಳಲ್ಲಿ ಕೆಲಸದವರು ತೋಟಗಳಿಗೆ ಹೋಗಿಬಿಡುವುದರಿಂದ ಗಿಡಗಳನ್ನು ಗಾಡಿಗೆ ಎತ್ತಿಡಲು ಯಾರೂ ಸಿಗುವುದಿಲ್ಲ, ದೊಡ್ಡ ಕುಂಡ ಬೇಕಾದವರು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗುವುದು ಒಳ್ಳೆಯದು.

ಆಂಥೂರಿಯಂ, ಅಡೀನಿಯಂಗಳನ್ನು ಚಳಿಯಲ್ಲಿ ಹೇಗೆ ಕಾಪಾಡಬೇಕೆಂದು ಈ ವರ್ಷ ಇವರು ಹೇಳಿದ್ದನ್ನು ಪಾಲಿಸಿದ್ದರಿಂದ ನನ್ನ ಎರಡೂ ಗಿಡಗಳು ಉಳಿದಿವೆ. ಆಂಥೂರಿಯಂ ಕುಂಡವನ್ನು ರಾತ್ರಿ ಪಡಸಾಲೆಗೆ ತಂದಿಟ್ಟು ಬೆಳಗ್ಗೆ ಮಂಜು ಕರಗಿದ ಮೇಲೆ ಹೊರಗಿಡುತ್ತಿದ್ದೆ. ಅಡೀನಿಯಂ ಎಲೆ ಉದುರಿಸಿ ಬೋಳಾದಾಗ ಹೆದರಿ ಓಡಿಹೋಗಿದ್ದೆ; ಅಕ್ಕ ಬೊಡ್ಡೆಯನ್ನು ಒತ್ತಿ ನೋಡಿ, “ಗಟ್ಟಿ ಇದೆ, ಮಲಗಿದೆ ಅಷ್ಟೇ. ನೀರು ನಿಲ್ಲಿಸಿಬಿಡಿ” ಎಂದರು. ಐದು ವಾರ ಒಂದು ಚೊಂಬು ನೀರನ್ನೂ ಹಾಕಲಿಲ್ಲ. ಮೊನ್ನೆ ತುದಿಯಲ್ಲಿ ಅಕ್ಕಿಕಾಳಿನಷ್ಟು ಹಸಿರು ಕಂಡಿತು.

ಹೋದ ಭಾನುವಾರ ನೋಡಿದಾಗ ನನ್ನ ಎರಡು ಮಲ್ಲಿಗೆ ಸಸಿಗಳು ಬೇಲಿಯ ಪಕ್ಕದ ಬಿಸಿಲಿನ ಸಾಲಿನಲ್ಲಿದ್ದವು, ಕೊಂಬೆಗೆ ಗುರುತಿಗೆಂದು ಕೆಂಪು ದಾರ ಕಟ್ಟಿತ್ತು. ಒಂದರಲ್ಲಿ ಗೆಣ್ಣು ಉಬ್ಬಿತ್ತು. ಹಿತ್ತಲಲ್ಲಿ ಒಂದೂವರೆ ಅಡಿ ಆಳದ ಎರಡು ಗುಂಡಿ ತೋಡಿ ಬಿಸಿಲಿಗೆ ಬಿಟ್ಟಿದ್ದೇನೆ.