ಬಿದ್ರಿ ಹೂದಾನೀನ ಹಾಳೆ ಥರ ಬಿಚ್ಚಿ ಹರಡಿದೆ: ಇಮೇಜ್‌ಜೆ ಬಳಸಿ ನೋಡಿದ ಅನುಭವ

ತಾತ ಬೀದರ್‌ನಲ್ಲಿ ಕೆಲಸದಲ್ಲಿದ್ದಾಗ ತಂದ ಒಂದು ಬಿದ್ರಿ ಹೂದಾನಿ ನಮ್ಮನೇಲಿದೆ. ಕಂಬದ ಥರ ನೆಟ್ಟಗಿದೆ, 9 ಸೆಂಟಿಮೀಟರ್ ಅಡ್ಡ, 15 ಎತ್ತರ, ಕಪ್ಪು ಮೈ ಮೇಲೆ ಬೆಳ್ಳಿ ಬಳ್ಳಿ ಸುತ್ತಲೂ ಹಬ್ಬಿದೆ. ಎಷ್ಟು ಫೋಟೋ ತೆಗೆದ್ರೂ ಎದುರಿಗಿರೋ ಭಾಗ ಮಾತ್ರ ಚೆನ್ನಾಗಿ ಕಾಣತ್ತೆ, ಅಂಚಿಗೆ ಹೋಗ್ತಾ ಎಲೆಗಳೆಲ್ಲ ಹಿಂಡ್ಕೊಂಡು ಬಿಡ್ತವೆ, ಸಾಲದ್ದಕ್ಕೆ ಬೆಳ್ಳಿ ಮೇಲೆ ಲೈಟ್ ಬಿದ್ದು ಉದ್ದಕ್ಕೂ ಬಿಳಿ ಪಟ್ಟೆ. ಇಡೀ ಬಳ್ಳೀನ ಒಂದೇ ನೋಟಕ್ಕೆ ನೋಡ್ಬೇಕು ಅಂತ ಬಹಳ ವರ್ಷದ ಆಸೆ ನಂದು.

ಅದಕ್ಕೆ ದಾರಿ ಸ್ಲಿಟ್ ಸ್ಕ್ಯಾನ್. ವಸ್ತು ನಿಧಾನಕ್ಕೆ ತಿರುಗ್ತಾ ಇರತ್ತೆ, ಕ್ಯಾಮೆರಾ ಅಲ್ಲಾಡದೆ ವಿಡಿಯೋ ತೆಗೀತಿರತ್ತೆ, ಆಮೇಲೆ ಪ್ರತಿ ಫ್ರೇಮಿಂದ ನಡುವಿನ ಒಂದೇ ಪಿಕ್ಸೆಲ್ ಅಗಲದ ಉದ್ದಗೆರೆ ತಗೊಂಡು ಪಕ್ಕಪಕ್ಕ ಜೋಡಿಸೋದು. 1970ರ ದಶಕದಲ್ಲಿ ಅಮೆರಿಕದ ಜಸ್ಟಿನ್ ಕೆರ್ ಇದೇ ತತ್ವದ ಮೇಲೆ ಕ್ಯಾಮೆರಾ ಮಾಡ್ಕೊಂಡು ಮಾಯಾ ನಾಗರಿಕತೆಯ ಚಿತ್ರ ಬರೆದ ಪಾತ್ರೆಗಳನ್ನ ಹೀಗೆ ಬಿಚ್ಚಿ ತೋರಿಸಿದ್ರು, ಆ ಫೋಟೋಗಳನ್ನ ನೋಡಿದ್ಮೇಲೇ ನನಗೆ ಈ ಹುಚ್ಚು ಹಿಡಿದದ್ದು.

ಈಗ ಇಮೇಜ್‌ಜೆ ವಿಷಯ. ಅಮೆರಿಕದ ನ್ಯಾಷನಲ್ ಇನ್‌ಸ್ಟಿಟ್ಯೂಟ್ಸ್ ಆಫ್ ಹೆಲ್ತ್‌ನಲ್ಲಿ ವೇಯ್ನ್ ರಾಸ್‌ಬ್ಯಾಂಡ್ ಅನ್ನೋರು ಬರೆದ ಸಾಫ್ಟ್‌ವೇರು, 1997ರಿಂದ ಇದೆ, ಪೂರ್ತಿ ಫ್ರೀ, ವಿಂಡೋಸ್ ಮ್ಯಾಕ್ ಲಿನಕ್ಸ್ ಎಲ್ಲದರಲ್ಲೂ ಓಡತ್ತೆ. ಮೈಕ್ರೋಸ್ಕೋಪ್ ಚಿತ್ರ ನೋಡೋ ವಿಜ್ಞಾನಿಗಳಿಗೆ ಅಂತ ಮಾಡಿದ್ದು, ಹಾಗಾಗಿ ಪಾತ್ರೆ ಬಿಚ್ಚೋ ಬಟನ್ ಅಂತ ಏನೂ ಇಲ್ಲ, ಹುಡುಕ್ಬೇಕು. ವಿಡಿಯೋ ಫ್ರೇಮುಗಳನ್ನ ಇಮೇಜ್ ಸೀಕ್ವೆನ್ಸ್ ಆಗಿ ತೆರೆದು, ಶಿಫ್ಟ್ ಒತ್ತಿ ಹಿಡಿದು ನೆಟ್ಟಗೆ ಒಂದು ಗೆರೆ ಎಳೆದು, ಇಮೇಜ್ ಮೆನುವಿನ ಸ್ಟ್ಯಾಕ್ಸ್ ಒಳಗಿರೋ ರೀಸ್ಲೈಸ್ ಒತ್ತಿದ್ರೆ, ಇಲ್ಲಾಂದ್ರೆ ಬರೀ ಸ್ಲ್ಯಾಶ್ ಕೀ ಒತ್ತಿದ್ರೂ ಸಾಕು, ಚಿತ್ರ ಸಿದ್ಧ. ರೊಟೇಟ್ 90 ಡಿಗ್ರೀಸ್‌ಗೆ ಟಿಕ್ ಹಾಕದಿದ್ರೆ ಮಲಗಿಕೊಂಡು ಬರತ್ತೆ. ತಿರುಗಿದ ದಿಕ್ಕು ನೋಡ್ಕೊಂಡು ಕನ್ನಡಿ ಥರ ಎಡಬಲ ಉಲ್ಟಾನೂ ಬರಬಹುದು, ಅದಕ್ಕೆ ಅಕ್ಷರ ಬರೆದ ಸಣ್ಣ ಸ್ಟಿಕ್ಕರ್ ಒಂದನ್ನ ತಳದಲ್ಲಿ ಅಂಟಿಸಿಡಿ, ನೋಡಿದ ಕೂಡ್ಲೇ ಗೊತ್ತಾಗತ್ತೆ.

ಮೆಮೊರಿ ಮಾತ್ರ ಹುಷಾರು. ಒಂದು ಸುತ್ತಿನ ವಿಡಿಯೋಗೆ 1440 ಫ್ರೇಮು, ಒಂದೊಂದೂ 1080 ಇಂಟು 1920 ಪಿಕ್ಸೆಲ್, ಬಣ್ಣದ್ದು, ಬಿಚ್ಚಿದ್ರೆ ಹತ್ತತ್ರ 12 ಜಿಬಿ ಆಗತ್ತೆ, ನನ್ನ 8 ಜಿಬಿ ಲ್ಯಾಪ್‌ಟಾಪ್ ಅಲ್ಲೇ ನಿಂತೋಯ್ತು. ಆಮೇಲೆ ವಿಡಿಯೋನ ಫ್ರೇಮುಗಳಾಗಿ ಒಡೆಯೋ ಎಫ್‌ಎಫ್‌ಎಂಪೆಗ್ ಅನ್ನೋ ಫ್ರೀ ಸಾಫ್ಟ್‌ವೇರ್‌ನಲ್ಲಿ ಫ್ರೇಮ್ ತೆಗೆಯುವಾಗಲೇ ನಡುವಿನ 100 ಪಿಕ್ಸೆಲ್ ಪಟ್ಟಿ ಮಾತ್ರ ಕತ್ತರಿಸ್ಕೊಂಡೆ, ಸಲೀಸಾಗಿ ಓಡ್ತು.

ಸಾಫ್ಟ್‌ವೇರ್‌ಗಿಂತ ತಿರುಗಿಸೋದೇ ದೊಡ್ಡ ಕೆಲಸ. ಆನ್‌ಲೈನಲ್ಲಿ ತರಿಸಿದ ಬ್ಯಾಟರಿ ಟರ್ನ್‌ಟೇಬಲ್ ಜರ್ಕ್ ಹೊಡೆದು ಎಲೆಗಳು ಒಂದ್ಕಡೆ ಹಿಗ್ಗಿ ಒಂದ್ಕಡೆ ಕುಗ್ಗಿ ಬಂದ್ವು. ಕೊನೆಗೆ ಕೆಟ್ಟೋದ ಮೈಕ್ರೋವೇವ್‌ನ ತಟ್ಟೆ ತಿರುಗಿಸೋ ಮೋಟರ್ ತೆಗೆಸಿ, ಎಲೆಕ್ಟ್ರಿಷಿಯನ್ ಹತ್ರ ಸರಿಯಾಗಿ ವೈರಿಂಗ್ ಮಾಡಿಸಿದೆ (ಇದು ಮನೆ ಕರೆಂಟಲ್ಲಿ ಓಡೋದು, ದಯವಿಟ್ಟು ನೀವೇ ಕೈ ಹಾಕ್ಬೇಡಿ). ಆ ಮೋಟರ್ ನಮ್ಮ 50 ಹರ್ಟ್ಸ್ ಕರೆಂಟಲ್ಲಿ ನಿಮಿಷಕ್ಕೆ ಎರಡೂವರೆ ಸುತ್ತು, ಅಂದ್ರೆ ಒಂದು ಸುತ್ತಿಗೆ 24 ಸೆಕೆಂಡ್, ಸೆಕೆಂಡಿಗೆ 60 ಫ್ರೇಮ್ ಅಂದ್ರೆ 1440 ಗೆರೆ. ಹೂದಾನಿ ಸುತ್ತಳತೆ 28.3 ಸೆಂಟಿಮೀಟರ್, ಎತ್ತರದಲ್ಲಿ ಸೆಂಟಿಮೀಟರಿಗೆ 100 ಪಿಕ್ಸೆಲ್ ಬಿದ್ದಿತ್ತು, ಹಾಗಾಗಿ ಅಗಲ 2830 ಇರ್ಬೇಕು, ಮೊದಲು ಬಂದ ಚಿತ್ರ ಅರ್ಧಕ್ಕೆ ಹಿಂಡಿದ ಹಾಗಿತ್ತು, ಇಮೇಜ್‌ಜೆಯ ಸ್ಕೇಲ್ ಅನ್ನೋ ಆಯ್ಕೆಯಲ್ಲಿ ಅಗಲ ಸರಿ ಮಾಡಿದ್ಮೇಲೆ ಎಲೆ ಎಲೆ ಥರ ಕಂಡ್ವು.

ಬೆಳಕೂ ಕಾಟ ಕೊಡ್ತು. ಮನೆ ಎಲ್‌ಇಡಿ ಬಲ್ಬ್ ಸೆಕೆಂಡಿಗೆ 100 ಸಲ ಮಿನುಗತ್ತೆ, ಕಣ್ಣಿಗೆ ಗೊತ್ತಾಗಲ್ಲ, ಚಿತ್ರದ ತುಂಬ ಬಾಚಣಿಗೆ ಹಲ್ಲಿನ ಥರ ಗೆರೆ ಬಂತು. ಶಟರ್ 1/100ಕ್ಕೆ ಇಟ್ಟು, ಎಕ್ಸ್‌ಪೋಶರ್ ಫೋಕಸ್ ಎರಡೂ ಲಾಕ್ ಮಾಡಿದ್ಮೇಲೆ ಹೋಯ್ತು. ಆದ್ರೆ ಆ ಬಿಳಿ ಪಟ್ಟೆ ವಿಷಯಕ್ಕೆ ಈ ವಿಧಾನಕ್ಕೆ ಕೈ ಮುಗೀಬೇಕು. ಲೈಟು, ಕ್ಯಾಮೆರಾ ಎರಡೂ ಅಲ್ಲಾಡಲ್ವಲ್ಲ, ಹಾಗಾಗಿ ಪಟ್ಟೆ ಯಾವಾಗ್ಲೂ ಒಂದೇ ಜಾಗದಲ್ಲಿ ನಿಂತಿರತ್ತೆ, ಗೆರೇನ ಅದರ ಪಕ್ಕಕ್ಕೆ ಸ್ವಲ್ಪ ಸರಿಸಿದ್ರೆ ಇಡೀ ಚಿತ್ರದಲ್ಲಿ ಎಲ್ಲೂ ಹೊಳಪು ಹೊಡೆಯಲ್ಲ. ಬೀದರ್ ಕೋಟೆ ಮಣ್ಣು, ನವಸಾಗರ ಹಾಕಿ ಬರಿಸಿದ ಆ ಕಪ್ಪು, ಅದರ ಮೇಲೆ ಬೆಳ್ಳಿಯ ಒಂದೊಂದು ಗೆರೆ, ಅಷ್ಟು ಸ್ಪಷ್ಟವಾಗಿ ನಾನು ಹಿಂದೆ ಯಾವತ್ತೂ ನೋಡಿರ್ಲಿಲ್ಲ.

ಚಿತ್ರ ಹರಡಿದ್ಮೇಲೆ ಎಣಿಸಿದೆ. ಬಳ್ಳಿ ಏಳು ಸಲ ಬಾಗತ್ತೆ. ಆರು ಬಾಗು ನಾಲ್ಕು ಸೆಂಟಿಮೀಟರಿಗಿಂತ ಚೂರು ಜಾಸ್ತಿ, ಏಳನೇದು ಮಾತ್ರ 3.4. ಮೋಟರ್ ತಪ್ಪೋ ಫೋನ್ ತಪ್ಪೋ ಅಂತ ಅನುಮಾನ ಬಂದು ಬೇರೆ ಕಡೆಯಿಂದ ಶುರು ಮಾಡಿ ಮತ್ತೆ ವಿಡಿಯೋ ತೆಗೆದೆ, ಅದೇ ಬಾಗು ಮತ್ತೆ ಚಿಕ್ಕದು. ಹೂದಾನಿಗೆ ದಾರ ಸುತ್ತಿ ಪೆನ್ನಲ್ಲಿ ಗುರುತು ಹಾಕಿ ಅಳೆದ್ರೂ ಅಷ್ಟೇ. ಬಿದ್ರಿ ಕೆಲಸದಲ್ಲಿ ಪಾತ್ರೆಗೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡ್ಕೊಂಡು, ಚೂಪು ಮೊನೆಯಿಂದ ಕೈಯಲ್ಲೇ ಚಿತ್ರ ಗೀರ್ತಾರೆ. ಆ ಕಲಾವಿದ ಸುತ್ತು ಹೊಡ್ಕೊಂಡು ಶುರು ಮಾಡಿದ ಜಾಗಕ್ಕೆ ಬರೋ ಹೊತ್ತಿಗೆ ಜಾಗ ಕಮ್ಮಿಯಾಗಿದೆ, ಎಲೆಗಳನ್ನ ಚಿಕ್ಕದು ಮಾಡಿ, ಒಂದು ಮೊಗ್ಗು ಬಿಟ್ಟು, ಬಳ್ಳಿ ಕಡಿಯದ ಹಾಗೆ ಸೇರಿಸಿದ್ದಾರೆ. ನಲವತ್ತು ವರ್ಷ ನಮ್ಮ ಷೋಕೇಸಲ್ಲಿ ಆ ಕಡೆ ಗೋಡೆಗೆ ತಿರುಗಿಕೊಂಡಿತ್ತು.

ಕತ್ತು ಸಣ್ಣಗಿರೋ ಹೂಜಿ, ಹೊಟ್ಟೆ ಉಬ್ಬಿದ ಹುಕ್ಕಾ ತಳಕ್ಕೆಲ್ಲ ಇದು ಅಷ್ಟು ಸರಿ ಹೋಗಲ್ಲ, ಎಲ್ಲ ಎತ್ತರದಲ್ಲೂ ಒಂದೇ ಅಗಲ ಕೊಡತ್ತೆ, ಕತ್ತಿನ ಹೂವು ಅಡ್ಡಕ್ಕೆ ಹಿಗ್ಗತ್ತೆ. ನೆಟ್ಟಗಿರೋ ಲೋಟ, ಡಬ್ಬಿ, ಹೂದಾನಿ ಮನೇಲಿದ್ರೆ ಧೈರ್ಯವಾಗಿ ಮಾಡಿ, ಇಮೇಜ್‌ಜೆ ಸಾಕು, ದುಡ್ಡು ಕೊಟ್ಟು ಬೇರೆ ಯಾವುದೂ ಬೇಡ. ನಾನು ನಿಜವಾದ ಅಳತೆಗೇ, 28.3 ಸೆಂಟಿಮೀಟರ್ ಉದ್ದಕ್ಕೆ ಪ್ರಿಂಟ್ ತೆಗೆಸಿದ್ದೀನಿ. ಹೂದಾನೀನ ಈಗ ಏಳನೇ ಬಾಗು ಮುಂದೆ ಬರೋ ಹಾಗೆ ಇಟ್ಟಿದ್ದೀವಿ.